ಈ ಮಿಷಿನ್ ಯಾರದ್ದು? ನೀರಿಗಾಗಿ ಒಂದು ಊರು ಹಿಡಿದ ದಾರಿಗಳು

ಇದು ಬಯಲುಸೀಮೆಯ ಪೂರ್ವ ಭಾಗದ ಒಂದು ಊರಿನಲ್ಲಿ ನಡೆದದ್ದು. ಊರಿನ ಹೆಸರನ್ನಾಗಲಿ, ಜನರ ಹೆಸರನ್ನಾಗಲಿ ಬರೆಯುತ್ತಿಲ್ಲ. ಗುರುತು ಹತ್ತುವಂಥ ಒಂದೆರಡು ವಿವರ ಬದಲಿಸಿದ್ದೇನೆ. ನಾನು ಪಕ್ಕದ ಹೋಬಳಿಯವನು. ಅರ್ಜಿ ಬರೆಯೋದು, ಪಂಚಾಯಿತಿ ಕಾಗದ ಓದಿ ಹೇಳೋದು, ಇಂಥದ್ದಕ್ಕೆ ಜನ ಕರೆದರೆ ಹೋಗುತ್ತೇನೆ. ಈ ಊರಿಗೆ ನಾನು ಕಾಲಿಟ್ಟಾಗ ಅರ್ಧ ಕತೆ ಮುಗಿದಿತ್ತು. ಮೊದಲ ಅರ್ಧವನ್ನು ಊರವರ ಬಾಯಲ್ಲೇ ಕೇಳಿದೆ.

ಸುಮಾರು 300 ಮನೆಗಳ ಊರು. ಮೂರು ಬೀದಿ, ಆಚೆ ತುದಿಯಲ್ಲಿ ದಲಿತರ ಕಾಲೋನಿ. ಕೆರೆ ತುಂಬುವುದು ಅಪರೂಪ. ಇರುವುದೆಲ್ಲ ಬೋರ್‌ವೆಲ್ ನೀರು, ಅದೂ ಆಳದಿಂದ ಬರುವ ಫ್ಲೋರೈಡ್ ನೀರು. ಲೀಟರಿಗೆ 1.5 ಮಿಲಿಗ್ರಾಂಗಿಂತ ಜಾಸ್ತಿ ಫ್ಲೋರೈಡ್ ಇದ್ದರೆ ಕುಡಿಯಬಾರದು ಅನ್ನುತ್ತದೆ ಭಾರತೀಯ ಮಾನಕ. ಆ ಲೆಕ್ಕ ಗೊತ್ತಿಲ್ಲದವರಿಗೂ ಊರಿನ ಮಕ್ಕಳು ನಕ್ಕಾಗ ವಿಷಯ ಗೊತ್ತಾಗುತ್ತದೆ. ಹಲ್ಲಿನ ಮೇಲೆ ಕಂದು ಗೆರೆ. ನಲವತ್ತು ದಾಟಿದ ಹೆಂಗಸರು ನೆಲದಿಂದ ಏಳುವಾಗ ಗೋಡೆ ಹಿಡಿಯುತ್ತಾರೆ.

ಅದಕ್ಕೇ ಕೆಲವು ವರ್ಷದ ಹಿಂದೆ ಮೇಲಿನ ಬೀದಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಬಂತು. ಐದು ರೂಪಾಯಿ ಕಾಯಿನ್ ಹಾಕಿದರೆ 20 ಲೀಟರ್ ಕ್ಯಾನ್ ತುಂಬುತ್ತದೆ. ಒಂದೂವರೆ ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ತಿಂಗಳಲ್ಲಿ ಹತ್ತು ದಿನ ಓಡಿದರೆ ಇಪ್ಪತ್ತು ದಿನ ಬೀಗ. ದುಡ್ಡಿನ ಸೌಕರ್ಯ ಇದ್ದವರು ಟೆಂಪೋದಲ್ಲಿ ಬರುವ ಕ್ಯಾನ್ ಕೊಂಡರು, ಒಂದಕ್ಕೆ 30 ರೂಪಾಯಿ. ಬೈಕ್ ಇದ್ದವರು ಎರಡು ಕಿಲೋಮೀಟರ್ ಆಚೆಯ ಊರಿಂದ ತಂದರು. ಎರಡೂ ಇಲ್ಲದವರು ಮತ್ತೆ ಬೋರ್‌ವೆಲ್ ನೀರಿಗೇ ಬಿಂದಿಗೆ ಹಿಡಿದರು.

ಮೊದಲ ಮೂರು ದಾರಿ

ಈ ಊರಿನ ಜನ ಸುಮ್ಮನೆ ಕೂತವರಲ್ಲ. ಇದನ್ನು ಮೊದಲೇ ಹೇಳಬೇಕು. ‘ಜನರಿಗೆ ಅರಿವಿಲ್ಲ’ ಅಂತ ಅಧಿಕಾರಿಗಳು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಇಲ್ಲಿ ಅರಿವೂ ಇತ್ತು, ಓಡಾಟವೂ ಇತ್ತು.

ಊರಿನ ಹಿರಿಯರೊಬ್ಬರಿಗೆ ಎಂಎಲ್‌ಎ ಮನೆಯಲ್ಲಿ ಬಳಕೆ. ಬೆಳಿಗ್ಗೆ ಏಳಕ್ಕೇ ಹೋಗಿ ಗೇಟಿನ ಹತ್ತಿರ ನಿಲ್ಲುತ್ತಿದ್ದರು. ಅವರ ಎದುರೇ ಎಂಜಿನಿಯರ್‌ಗೆ ಫೋನ್ ಹೋಗುತ್ತಿತ್ತು. ಮರುದಿನವೇ ಮೆಕ್ಯಾನಿಕ್ ಬಂದು ಏನೋ ತೊಳೆದು ಹೋಗುತ್ತಿದ್ದ. ಒಂದು ಸಲ ಒಂಬತ್ತು ದಿನ ನೀರು ಬಂತು, ಇನ್ನೊಂದು ಸಲ ನಾಲ್ಕು ದಿನ. ಹಿರಿಯರು ಮತ್ತೆ ಬಸ್ ಹತ್ತುತ್ತಿದ್ದರು.

ಹುಡುಗರು ಬೀಗ ಹಾಕಿದ ಬಾಗಿಲಿನ ವಿಡಿಯೋ ಮಾಡಿ ವಾಟ್ಸಾಪ್ ಗುಂಪುಗಳಿಗೆ ಹಾಕಿದರು. ತಾಲ್ಲೂಕಿನ ಉದ್ದಗಲಕ್ಕೂ ಹರಿದಾಡಿತು. ನಮ್ಮೂರಲ್ಲೂ ಇದೇ ಗತಿ ಅಂತ ಬೇರೆ ಊರವರು ಬರೆದರು. ಮೂರು ದಿನಕ್ಕೆ ಅದರ ಮೇಲೆ ಬೇರೆ ವಿಡಿಯೋಗಳು ಬಂದು ಕೂತವು.

ಆಮೇಲೆ ರಸ್ತೆ ತಡೆ. ಖಾಲಿ ಕೊಡ ಅಡ್ಡ ಇಟ್ಟು ಎರಡು ಗಂಟೆ ಕೂತರು. ಕಂದಾಯ ಇಲಾಖೆಯ ಅಧಿಕಾರಿ ಜೀಪಿನಲ್ಲಿ ಬಂದು ಮಾತು ಕೊಟ್ಟರು. ಮಾತು ಸುಳ್ಳಾಗಲಿಲ್ಲ, ಟ್ಯಾಂಕರ್ ಬಂತು. ಹದಿನೈದು ದಿನ ಬಂದು ನಿಂತಿತು. ಆ ಟ್ಯಾಂಕರ್ ತಂದದ್ದೂ ಬೋರ್‌ವೆಲ್ ನೀರೇ.

ಮೂರರಲ್ಲೂ ಯಾರೋ ಒಬ್ಬರು ಕಿವಿಗೊಟ್ಟಿದ್ದಾರೆ, ಏನೋ ಒಂದು ಆಗಿದೆ. ಆದರೆ ಘಟಕ ಯಾಕೆ ಪದೇಪದೇ ನಿಲ್ಲುತ್ತದೆ, ಅದನ್ನು ನಡೆಸಬೇಕಾದವರು ಯಾರು, ಈ ಎರಡನ್ನು ಯಾರೂ ಕೇಳಿರಲಿಲ್ಲ. ಕೇಳಿದ್ದೆಲ್ಲ ‘ನೀರು ಕೊಡಿ’ ಅಂತ. ಕೇಳಿದವರಿಗೆ ಆ ಹೊತ್ತಿಗೆ ಎಷ್ಟು ಬೇಕೋ ಅಷ್ಟು ನೀರು ಸಿಕ್ಕಿತು.

ಬಹಿಷ್ಕಾರದ ದಿನ

2023ರ ವಿಧಾನಸಭಾ ಚುನಾವಣೆ ಬಂತು. ಒಂದು ಸಂಜೆ ಅರಳಿಕಟ್ಟೆಯಲ್ಲಿ ಸಭೆ ಸೇರಿ ಮತದಾನ ಬಹಿಷ್ಕಾರ ಅಂತ ತೀರ್ಮಾನ ಮಾಡಿದರು. ಊರ ಬಾಗಿಲಿಗೆ ‘ನೀರು ಕೊಡದಿದ್ದರೆ ವೋಟಿಲ್ಲ’ ಅಂತ ಫ್ಲೆಕ್ಸ್ ಕಟ್ಟಿದರು. ಸಭೆಯಲ್ಲಿ ಸುಮಾರು ನಲವತ್ತು ಜನ ಇದ್ದರಂತೆ. ಎಲ್ಲರೂ ಗಂಡಸರು, ಎಲ್ಲರೂ ಮೇಲಿನ ಮೂರು ಬೀದಿಯವರು. ಕಾಲೋನಿಗೆ ಕರೆ ಹೋಗಿರಲಿಲ್ಲ. ವಿಷಯ ತಿಳಿದದ್ದೇ ಫ್ಲೆಕ್ಸ್ ನೋಡಿ.

ಮೇ 10ರ ಬೆಳಿಗ್ಗೆ ಮತಗಟ್ಟೆ ಖಾಲಿ ಇತ್ತು. ಹತ್ತೂವರೆ ಹೊತ್ತಿಗೆ ಕಾಲೋನಿಯವರು ಚೀಟಿ ಹಿಡಿದು ಸಾಲಾಗಿ ಬಂದರು. ಮೇಲಿನ ಬೀದಿಯ ಹುಡುಗರು ದಾರಿಯಲ್ಲಿ ನಿಂತು, ಊರಿನ ಮಾತು ಮೀರುತ್ತೀರಾ ಅಂತ ಕೇಳಿದರು. ಸಾಲಿನ ಮುಂದೆ ಇದ್ದದ್ದು ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಅಕ್ಕ. ಅವರು ಅಂದ ಮಾತನ್ನು ನನಗೆ ಮೂವರು ಬೇರೆಬೇರೆ ಕಡೆ ಹೇಳಿದರು, ಮೂವರೂ ಒಂದೇ ಥರ ಹೇಳಿದರು: “ಈ ವೋಟು ಊರು ಕೊಟ್ಟಿದ್ದಲ್ಲ ಕಣಪ್ಪ, ಬಾಬಾಸಾಹೇಬರು ಕೊಟ್ಟಿದ್ದು. ಬಿಡಿ ಅನ್ನೋಕೆ ನೀವ್ಯಾರು?”

ಮಾತಿಗೆ ಮಾತು ಬೆಳೆಯಿತು. ಪೊಲೀಸರು ಬಂದರು. ಮಧ್ಯಾಹ್ನ ಅಧಿಕಾರಿಗಳು ಬಂದು ಕಟ್ಟೆಯ ಮೇಲೆ ಕೂತು ಸಮಾಧಾನ ಹೇಳಿದ ಮೇಲೆ ಮೇಲಿನ ಬೀದಿಯವರೂ ಮುಕ್ಕಾಲು ಪಾಲು ಹೋಗಿ ವೋಟು ಹಾಕಿದರು. ನೀರು ಬರಲಿಲ್ಲ. ಅದರ ಮೇಲೆ ಎರಡು ತಿಂಗಳು ಮೇಲಿನ ಬೀದಿಗೂ ಕಾಲೋನಿಗೂ ಮಾತುಕತೆ ನಿಂತಿತು. ಕಾಲೋನಿಯವರನ್ನು ಕೂಲಿಗೆ ಕರೆಯುವುದೂ ಕಡಿಮೆಯಾಯಿತು.

ಬಹಿಷ್ಕಾರ ಮಾಡುವವರ ಸಂಕಟ ನನಗೆ ಅರ್ಥವಾಗುತ್ತದೆ. ಐದು ವರ್ಷಕ್ಕೊಮ್ಮೆ ಮಾತ್ರ ಬಾಗಿಲಿಗೆ ಬರುವವರ ಎದುರು ಬಾಗಿಲು ಹಾಕಬೇಕು ಅನ್ನಿಸುವುದು ಸಹಜ. ಆದರೆ ಇದರ ಲೆಕ್ಕ ಊರಿಗೆ ಲಾಭದ್ದಲ್ಲ. ನಾವು ಹೋಗದಿದ್ದರೂ ಎಣಿಕೆ ನಿಲ್ಲುವುದಿಲ್ಲ. ಬಿದ್ದ ವೋಟಿನಲ್ಲೇ ಒಬ್ಬರು ಗೆಲ್ಲುತ್ತಾರೆ, ಗೆದ್ದವರಿಗೆ ಈ ಊರಿನ ಋಣ ಇರುವುದಿಲ್ಲ. 2013ರಿಂದ ಯಂತ್ರದಲ್ಲಿ ‘ಯಾರೂ ಬೇಡ’ ಅನ್ನುವ ನೋಟಾ ಗುಂಡಿ ಇದೆ, ಸಿಟ್ಟು ತೋರಿಸಬಹುದು. ಆದರೆ ಅದಕ್ಕೇ ಜಾಸ್ತಿ ಮತ ಬಿದ್ದರೂ ಅಭ್ಯರ್ಥಿಗಳಲ್ಲಿ ಮುಂದಿದ್ದವರೇ ಗೆಲ್ಲುತ್ತಾರೆ. ಇದಕ್ಕಿಂತ ದೊಡ್ಡ ತಪ್ಪು ಎಂದರೆ, ಊರಿನ ಹೆಸರಲ್ಲಿ ತೀರ್ಮಾನ ಮಾಡಿದವರು ಅರ್ಧ ಊರನ್ನೇ ಕೇಳಿರಲಿಲ್ಲ. ಕಾಲೋನಿಯವರನ್ನು ಕೇಳಲಿಲ್ಲ, ತಮ್ಮ ಮನೆಯ ಹೆಂಗಸರನ್ನೂ ಕೇಳಲಿಲ್ಲ.

ಮುಂದಿನ ದಾರಿ ಹುಟ್ಟಿದ್ದೂ ಇಲ್ಲೇ. ಪಕ್ಕದೂರಿಂದ ನೀರು ಹೊತ್ತು ಬರುವ ದಾರಿಯಲ್ಲಿ ಒಂದು ಹುಣಸೆಮರ ಇದೆ, ಕೊಡ ಇಳಿಸಿ ಸುಧಾರಿಸಿಕೊಳ್ಳುವ ಜಾಗ. ಮೇಲಿನ ಬೀದಿಯ ಹೆಂಗಸೊಬ್ಬರು ಅಲ್ಲಿ ಬಿಸಿಯೂಟದ ಅಕ್ಕನಿಗೆ ಅಂದರಂತೆ: “ನಿಮ್ಮನ್ನ ಕೇಳಲಿಲ್ಲ ಅಂತ ಸಿಟ್ಟು ಮಾಡ್ಕೊಂಡ್ರಿ. ನಮ್ಮನ್ನೂ ಯಾರೂ ಕೇಳಲಿಲ್ಲ ಕಣಕ್ಕ.” ಇಬ್ಬರೂ ಸ್ವಸಹಾಯ ಸಂಘದವರು, ಬೇರೆಬೇರೆ ಸಂಘ. ಮುಂದಿನ ವಾರ ಎರಡು ಸಂಘದ ಹತ್ತು ಹನ್ನೆರಡು ಜನ ಘಟಕದ ಮುಂದೆ ಸೇರಿದರು. ನನ್ನನ್ನು ಕರೆಸಿದ್ದು ಆ ಸಭೆಗೆ.

ಯಾರದ್ದು?

ಸಂಜೆ ಆರರ ಹೊತ್ತು. ಘಟಕದ ತಗಡಿನ ಮಾಡಿನ ಕೆಳಗೆ ಎಲ್ಲರೂ ಕೂತಿದ್ದರು. ಕಾಯಿನ್ ಹಾಕುವ ಸಂದಿಯಲ್ಲಿ ಜೇಡ ಬಲೆ ಕಟ್ಟಿತ್ತು. ಗೋಡೆಯ ಮೇಲೆ ಏಜೆನ್ಸಿಯ ಫೋನ್ ನಂಬರ್ ಬರೆದಿದ್ದರು, ಬಿಸಿಲಿಗೆ ಕೊನೆಯ ಎರಡು ಅಂಕಿ ಅಳಿಸಿ ಹೋಗಿತ್ತು. ಅಕ್ಕ ಬಾಗಿಲಿಗೆ ಕೈ ತಟ್ಟಿ ನನ್ನನ್ನು ಕೇಳಿದರು, “ಅಣ್ಣ, ಈ ಮಿಷಿನ್ ಯಾರದ್ದು?”

ನನಗೂ ಗೊತ್ತಿರಲಿಲ್ಲ. ಪಂಚಾಯಿತಿಯದು ಇರಬೇಕು ಅಂದೆ. ಪಂಚಾಯಿತಿಯಲ್ಲಿ ಕೇಳಿದರೆ ನಮಗೆ ಹಸ್ತಾಂತರವೇ ಆಗಿಲ್ಲ, ನೀರಿನ ಇಲಾಖೆಯದು ಅಂದರು. ಇಲಾಖೆಯ ಕಚೇರಿಯಲ್ಲಿ, ಕಟ್ಟಿಸಿದ್ದು ನಾವೇ, ನಡೆಸುವುದು ಏಜೆನ್ಸಿ ಅಂದರು. ಏಜೆನ್ಸಿಯ ನಂಬರು ಗೋಡೆಯ ಮೇಲೆ ಅರ್ಧ ಮಾತ್ರ.

ಇಷ್ಟು ದಿನ ಯಾರೂ ಕೇಳದೇ ಬಿಟ್ಟಿದ್ದ ಇನ್ನೊಬ್ಬರು ನೀರುಗಂಟಿ. ದಿನಾ ಬೆಳಿಗ್ಗೆ ವಾಲ್ವ್ ತಿರುಗಿಸಿ ಬೀದಿಬೀದಿಗೆ ನೀರು ಬಿಡುವವರು. ಕೇಳಿದ ತಕ್ಷಣ ಹೇಳಿಬಿಟ್ಟರು: “ಒಳಗೆ ನೀರು ಸೋಸೋ ಮೆಂಬ್ರೇನ್ ಪೂರ್ತಿ ಕಟ್ಕೊಂಡಿದೆ ಸಾರ್. ಬಂದವರು ಆಸಿಡ್ ಹಾಕಿ ತೊಳೀತಾರೆ, ನಾಲ್ಕು ದಿನ ಬರುತ್ತೆ. ಹೊಸದು ಹಾಕಬೇಕು. ನನಗೆ ಬೀಗದ ಕೈ ಬಿಟ್ಟು ಬೇರೇನೂ ಕೊಟ್ಟಿಲ್ಲ.” ಎಂಎಲ್‌ಎ ಫೋನಿಗೆ ಒಂಬತ್ತು ದಿನ ನೀರು ಬಂದು ನಿಂತದ್ದು ಯಾಕೆ ಅಂತ ಆಗ ಗೊತ್ತಾಯಿತು. ಫೋನಿಗೆ ತೊಳೆಯುವ ಕೆಲಸ ಆಗುತ್ತಿತ್ತು. ಹೊಸ ಮೆಂಬ್ರೇನಿಗೆ ದುಡ್ಡು ಬೇಕು, ದುಡ್ಡು ಯಾರದ್ದು ಅನ್ನುವುದು ಕಾಗದದಲ್ಲಿ ಇರುತ್ತದೆ.

ಊರಿನ ಡಿಗ್ರಿ ಓದುವ ಹುಡುಗಿಯೊಬ್ಬಳು ಆಗಲೇ ಮಾಹಿತಿ ಹಕ್ಕಿನಲ್ಲಿ ಪಂಚಾಯಿತಿಗೆ ಒಂದು ಅರ್ಜಿ ಹಾಕಿದ್ದಳು. ‘ಘಟಕ ಯಾಕೆ ಕೆಟ್ಟಿದೆ? ಯಾವಾಗ ಸರಿ ಮಾಡುತ್ತೀರಿ? ಜನರ ಆರೋಗ್ಯಕ್ಕೆ ಹೊಣೆ ಯಾರು?’ ಮೂರೂ ನ್ಯಾಯವಾದ ಪ್ರಶ್ನೆ. ಆದರೆ 2005ರ ಕಾಯ್ದೆಯಲ್ಲಿ ಸಿಗುವುದು ಕಚೇರಿಯಲ್ಲಿ ಇರುವ ದಾಖಲೆ. ಯಾಕೆ, ಯಾವಾಗ ಅನ್ನುವುದಕ್ಕೆ ಅಲ್ಲಿ ಉತ್ತರ ಬರೆದು ಕೊಡುವುದಿಲ್ಲ. ‘ಮಾಹಿತಿ ಲಭ್ಯವಿಲ್ಲ’ ಅಂತ ಒಂದು ಸಾಲು ಬಂದಿತ್ತು. ತಮ್ಮಲ್ಲಿ ಇಲ್ಲದಿದ್ದರೆ ಅರ್ಜಿಯನ್ನು ಐದು ದಿನದೊಳಗೆ ಸರಿಯಾದ ಕಚೇರಿಗೆ ಕಳಿಸಬೇಕು ಅಂತ ಅದೇ ಕಾಯ್ದೆಯಲ್ಲಿದೆ. ಅದನ್ನೂ ಮಾಡಿರಲಿಲ್ಲ. ಹುಡುಗಿ ಬೇಜಾರಾಗಿ ಬಿಟ್ಟಿದ್ದಳು.

ಎರಡನೇ ಅರ್ಜಿ ಇಲಾಖೆಗೆ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಈ ಮಿತಿ ಮೊದಲು ಅಡ್ಡಿ ಅನ್ನಿಸಿತು, ಬರೆಯುತ್ತಾ ಹೋದಂತೆ ಒಳ್ಳೆಯದೇ ಆಯಿತು. ಗೋಳು ಬರೆಯಲು ಜಾಗ ಇಲ್ಲ. ಈ ಘಟಕದ ಕರಾರು ಪತ್ರದ ಪ್ರತಿ, ಹಸ್ತಾಂತರ ಪತ್ರ ಇದ್ದರೆ ಅದರ ಪ್ರತಿ, ಹಿಂದಿನ 24 ತಿಂಗಳು ನಿರ್ವಹಣೆಗೆ ಪಾವತಿ ಮಾಡಿದ ಬಿಲ್ಲುಗಳ ಪ್ರತಿ. ಇಷ್ಟೇ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್. ಬರೆದದ್ದು ಹುಡುಗಿ, ಅರ್ಜಿದಾರರು ಬಿಸಿಯೂಟದ ಅಕ್ಕ.

ಮೂವತ್ತು ದಿನ ಕಳೆದರೂ ಉತ್ತರ ಇಲ್ಲ. ಎಷ್ಟೋ ಅರ್ಜಿಗಳು ಇಲ್ಲೇ ಸಾಯುತ್ತವೆ, ಏಕೆಂದರೆ ಮೇಲಧಿಕಾರಿಗೆ ಕೊಡುವ ಮೊದಲ ಮೇಲ್ಮನವಿಗೆ ಜನ ಹೋಗುವುದಿಲ್ಲ. ಇವರು ಹೋದರು. ಮೇಲ್ಮನವಿಯ ನೋಟಿಸು ಹೋದ ಹತ್ತು ದಿನಕ್ಕೆ ಕಾಗದ ತಯಾರಿದೆ, ಬನ್ನಿ ಅಂತ ಫೋನ್ ಬಂತು. 23 ಪುಟ.

ಅದರಲ್ಲಿ ಮೂರು ಸಂಗತಿ ಇತ್ತು. ಘಟಕವನ್ನು ಐದು ವರ್ಷ ನಡೆಸುವುದು ಏಜೆನ್ಸಿಯ ಹೊಣೆ, ಇನ್ನೂ ಹದಿನಾಲ್ಕು ತಿಂಗಳು ಬಾಕಿ ಇದೆ. ಮೆಂಬ್ರೇನ್ ಬದಲಿಸುವ ಖರ್ಚು ಏಜೆನ್ಸಿಯದೇ. ಬೀಗ ಬಿದ್ದಿದ್ದ ತಿಂಗಳುಗಳಿಗೂ ನಿರ್ವಹಣೆಯ ಬಿಲ್ಲು ಪಾವತಿಯಾಗಿದೆ.

ಕಾಗದ ಕೈಗೆ ಬಂದ ಮೇಲೆ

ಇದು ಈ ಪ್ರಕರಣದ ಮುಖ್ಯ ತಿರುವು. ಹುಡುಗರು ಬಿಲ್ಲಿನ ಫೋಟೋ ಈಗಲೇ ವಾಟ್ಸಾಪ್‌ಗೆ ಹಾಕೋಣ, ಟಿವಿಯವರನ್ನು ಕರೆಯೋಣ ಅಂದರು. ನಾನು ಲೋಕಾಯುಕ್ತಕ್ಕೆ ದೂರು ಕೊಡೋಣ ಅಂದೆ. ಅಕ್ಕ ಎರಡೂ ಬೇಡ ಅಂದರು. “ಅವರನ್ನ ಹಿಡಿಯೋದು ಆಮೇಲೆ ಅಣ್ಣ. ಈಗಲೇ ಕೇಸು ಅಂದ್ರೆ ಕಾಗದ ಎಲ್ಲ ಕೇಸಿಗೆ ಹೋಗುತ್ತೆ, ಮಿಷಿನ್‌ಗೆ ಯಾರೂ ಕೈ ಹಾಕಲ್ಲ. ಮೊದ್ಲು ನೀರು.” ಗ್ರಾಮಸಭೆ ಹತ್ತಿರ ಬಂದಿತ್ತು. ಅಲ್ಲಿ ಎಲ್ಲರೆದುರು ಓದಿಸೋಣ ಅಂದರು.

ನನಗೆ ಪೂರ್ತಿ ಒಪ್ಪಿಗೆ ಇರಲಿಲ್ಲ. ಈಗಲೂ ಆ ಬಿಲ್ಲುಗಳ ವಿಷಯ ಮನಸ್ಸಿನಲ್ಲಿ ಕೊರೆಯುತ್ತದೆ, ಅದನ್ನು ಬಿಡಬಾರದಿತ್ತು ಅಂತಲೇ ನನ್ನ ಅಭಿಪ್ರಾಯ. ಆದರೆ ದಿನಾ ನೂರು ಮಕ್ಕಳಿಗೆ ಸಾರು ಬೇಯಿಸುವವರು ಅವರು. ಯಾವ ನೀರಲ್ಲಿ ಬೇಯಿಸುತ್ತಿದ್ದೇನೆ ಅಂತ ಅವರಿಗೆ ಗೊತ್ತು. ಯಾವುದು ಮೊದಲು ಅಂತ ಹೇಳುವ ಹಕ್ಕು ಅವರದೇ.

ಗ್ರಾಮಸಭೆ ನಮ್ಮ ಕಡೆ ಹೇಗೆ ನಡೆಯುತ್ತದೆ ಅಂತ ಗೊತ್ತಿರುವವರಿಗೆ ಗೊತ್ತು. ಕಾನೂನಿನಲ್ಲಿ ಕೋರಂ ಇದೆ, ಮತದಾರರಲ್ಲಿ ಹತ್ತನೇ ಒಂದು ಪಾಲು ಅಥವಾ ನೂರು ಜನ, ಯಾವುದು ಕಡಿಮೆಯೋ ಅಷ್ಟು. ಎಷ್ಟೋ ಕಡೆ ಆಗುವುದೇನು ಅಂದರೆ, ಮೂವತ್ತು ಜನ ಕೂತು ಏಳುತ್ತಾರೆ, ಪುಸ್ತಕ ಆಮೇಲೆ ಮನೆಮನೆಗೆ ಹೋಗಿ ಸಹಿ ತುಂಬುತ್ತದೆ. ಬಂದವರ ಗಮನವೂ ಮನೆ, ಕೊಟ್ಟಿಗೆ ಮಂಜೂರಾತಿಯ ಪಟ್ಟಿಯ ಮೇಲೆ. ಪಟ್ಟಿ ಓದಿದ ಕೂಡಲೇ ಜನ ಏಳುತ್ತಾರೆ.

ಹೆಂಗಸರು ಎರಡು ಕೆಲಸ ಮಾಡಿದರು. ಒಂದು ವಾರ ಮುಂಚೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಬರಹದಲ್ಲಿ ಕೊಟ್ಟು ನೀರಿನ ವಿಷಯವನ್ನು ಪಟ್ಟಿಗಿಂತ ಮುಂದೆ ಹಾಕಿಸಿದರು. ಆಮೇಲೆ ಮನೆಮನೆಗೆ ಹೋದರು, ಮೇಲಿನ ಬೀದಿಗೆ ಕಾಲೋನಿಯವರು, ಕಾಲೋನಿಗೆ ಮೇಲಿನ ಬೀದಿಯವರು. ಸಭೆ ಇದ್ದದ್ದು ಕೆಲಸದ ದಿನ ಹನ್ನೊಂದು ಗಂಟೆಗೆ. ಸಂಜೆ ಇಡಿ ಅಂದರೆ ಒಪ್ಪಲಿಲ್ಲ. ಒಂದು ದಿನದ ಕೂಲಿ ಬಿಟ್ಟು 140 ಜನ ಬಂದರು. ಆ ಕೂಲಿಯನ್ನು ಯಾವ ಲೆಕ್ಕದಲ್ಲೂ ಯಾರೂ ಬರೆಯುವುದಿಲ್ಲ.

ಹುಡುಗಿ ಕರಾರಿನ ಎರಡು ಪ್ಯಾರಾ ಓದಿದಳು. ಎಂಜಿನಿಯರ್ ಕಡೆಯಿಂದ ಬಂದಿದ್ದವರು ಪರಿಶೀಲಿಸುತ್ತೇವೆ ಅಂದರು. ಕಾರ್ಯದರ್ಶಿ ಪುಸ್ತಕದಲ್ಲಿ ಬರೆದುಕೊಂಡರು. ಸಹಿಗೆ ಪುಸ್ತಕ ಬಂದಾಗ ಕಾಲೋನಿಯ ಅಜ್ಜಿಯೊಬ್ಬರು ಮಸಿ ಹಚ್ಚಿದ ಹೆಬ್ಬೆರಳನ್ನು ಹಾಗೇ ಮೇಲೆ ಹಿಡಿದುಕೊಂಡರು. “ಏನು ಬರೆದಿದ್ದೀಯಾ ಓದು ಸ್ವಾಮಿ, ಆಮೇಲೆ ಒತ್ತುತೀನಿ.”

ಕಾರ್ಯದರ್ಶಿ ಓದಿದರು: ‘ಕುಡಿಯುವ ನೀರಿನ ಸಮಸ್ಯೆ ಕುರಿತು ಸೂಕ್ತ ಕ್ರಮ ಕೈಗೊಳ್ಳಲು ತೀರ್ಮಾನಿಸಲಾಯಿತು.’

“ಯಾರು ಕೈಗೊಳ್ಳೋದು? ಯಾವತ್ತು?” ಬಿಸಿಯೂಟದ ಅಕ್ಕ ಎದ್ದು ನಿಂತು ಕೇಳಿದರು. ಸದ್ದಿಲ್ಲ. ಅಜ್ಜಿಯ ಹೆಬ್ಬೆರಳು ಇನ್ನೂ ಗಾಳಿಯಲ್ಲೇ ಇತ್ತು. ಈ ವಾರ್ಡಿನ ಮೆಂಬರ್ ಒಬ್ಬ ಹೆಂಗಸು. ಅಲ್ಲಿಯ ತನಕ ಸಭೆಗಳಲ್ಲಿ ಅವರ ಪರವಾಗಿ ಮಾತಾಡುತ್ತಿದ್ದದ್ದು ಗಂಡ. ಅವತ್ತು ಅವರೇ ಬಾಯಿ ಬಿಟ್ಟರು, “ಹೆಸರು ಹಾಕಿ, ತಾರೀಕು ಹಾಕಿ ಬರೀರಿ ಸಾರ್.” ಸಾಲು ಹೊಡೆದು ಹಾಕಿ ಹೊಸದಾಗಿ ಬರೆದರು. ಯಾವ ಏಜೆನ್ಸಿ, ಕರಾರಿನ ಯಾವ ಷರತ್ತು, ಮೆಂಬ್ರೇನ್ ಬದಲಿಸಲು ಮೂವತ್ತು ದಿನ, ತಪ್ಪಿದರೆ ಬಿಲ್ಲು ತಡೆಹಿಡಿಯಲು ಇಲಾಖೆಗೆ ಶಿಫಾರಸು. ಕಾಲೋನಿಯಲ್ಲಿ ಎರಡನೇ ನಲ್ಲಿ, ಪಂಚಾಯಿತಿಯ 15ನೇ ಹಣಕಾಸು ಆಯೋಗದ ಅನುದಾನದಿಂದ. ಆ ಅನುದಾನದಲ್ಲಿ ಶೇ. 30 ಕುಡಿಯುವ ನೀರು, ಮಳೆನೀರು ಸಂಗ್ರಹದಂಥ ನೀರಿನ ಕೆಲಸಕ್ಕೇ ಮೀಸಲಿತ್ತು, ಇದನ್ನು ಎದ್ದು ಹೇಳಿದ್ದು ನೀರುಗಂಟಿ.

ಅಜ್ಜಿ ಹೆಬ್ಬೆಟ್ಟು ಒತ್ತಿದರು.

ನೀರು ಬಂತು, ಅರ್ಧ

ಹಳೆಯ ದಾರಿಗಳೇ ಆಮೇಲೆ ಕೆಲಸಕ್ಕೆ ಬಂದವು. ಹಿರಿಯರು ನಡಾವಳಿಯ ಪ್ರತಿ ಜೇಬಿನಲ್ಲಿಟ್ಟುಕೊಂಡು ಎಂಎಲ್‌ಎ ಮನೆಗೆ ಹೋದರು. ಈ ಸಲ ಫೋನಿನಲ್ಲಿ ಷರತ್ತಿನ ನಂಬರ್ ಹೇಳಿಸಿದರು. ಹುಡುಗರು ನಡಾವಳಿ ಓದುವ ವಿಡಿಯೋ ಹಾಕಿದರು, ಮೂವತ್ತನೇ ದಿನದ ತಾರೀಕು ಹಾಕಿ. ಕೊಡ ಹಿಡಿದು ಕೂರುವವರು ಅದೇ ತಾರೀಕಿಗೆ ಕಚೇರಿಯ ಮುಂದೆ ಬರುತ್ತೇವೆ ಅಂತ ಮುಂಚಿತವಾಗಿ ಪತ್ರ ಕೊಟ್ಟರು. ಇಪ್ಪತ್ತಾರನೇ ದಿನ ಹೊಸ ಮೆಂಬ್ರೇನ್ ಬಂತು. ಧರಣಿ ಬೇಕಾಗಲಿಲ್ಲ.

ಎಂಎಲ್‌ಎ ಮನೆಗೆ ಅಲೆಯುವುದನ್ನು ಗುಲಾಮಗಿರಿ ಅಂತಲೂ, ವಿಡಿಯೋ ಹಾಕುವುದನ್ನು ಹುಡುಗಾಟ ಅಂತಲೂ ನಾನೇ ಎಷ್ಟೋ ಸಲ ಆಡಿಕೊಂಡಿದ್ದೆ. ಇಲ್ಲಿ ನೋಡಿದ ಮೇಲೆ ಹಾಗೆ ಅನ್ನಲು ಮನಸ್ಸು ಬರುವುದಿಲ್ಲ. ಯಾರನ್ನು, ಏನು ಕೇಳಬೇಕು ಅಂತ ತಿಳಿದ ಮೇಲೆ ಪ್ರತಿಯೊಬ್ಬರೂ ತಮಗೆ ಬರುವ ರೀತಿಯಲ್ಲೇ ಕೇಳಿದರು, ಎಲ್ಲರೂ ಒಂದೇ ವಿಷಯ ಕೇಳಿದರು. ಊರಿನ ಜಗಳ ಕಾಗದ ಬರುವ ಮೊದಲೇ ಹುಣಸೆಮರದ ಕೆಳಗೆ ಸ್ವಲ್ಪ ಸಡಿಲವಾಗಿತ್ತಲ್ಲ, ಅದು ಆಗಿರದಿದ್ದರೆ 140 ಜನ ಸೇರುತ್ತಿರಲಿಲ್ಲ. ನನ್ನ ಮಟ್ಟಿಗೆ ಅರ್ಜಿಗಿಂತ ಅದೇ ದೊಡ್ಡದು.

ಎಲ್ಲವೂ ಆಗಲಿಲ್ಲ. ಕಾಲೋನಿಯ ನಲ್ಲಿಗೆ ಹನ್ನೊಂದು ತಿಂಗಳು ಹಿಡಿಯಿತು. ಮೇಲಿನ ಬೀದಿಗೆ ಇಪ್ಪತ್ತಾರು ದಿನ, ಕಾಲೋನಿಗೆ ಹನ್ನೊಂದು ತಿಂಗಳು, ಈ ಅಂತರ ಕಾಲೋನಿಯವರಿಗೆ ಹೊಸದಲ್ಲ. ಬಹಿಷ್ಕಾರದ ಮುಂದಾಳುಗಳಲ್ಲಿ ಇಬ್ಬರು ಇವತ್ತಿಗೂ ಗ್ರಾಮಸಭೆಗೆ ಬರುವುದಿಲ್ಲ. ನೀರಿನ ಪರೀಕ್ಷೆ ಕ್ರಮವಾಗಿ ಆಗುತ್ತಿಲ್ಲ. ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಒಂದನ್ನು ಯಾರೋ ತಂದು ಕೊಟ್ಟಿದ್ದಾರೆ, ಅಂಕಿ ಕಡಿಮೆ ತೋರಿಸಿದರೆ ಜನಕ್ಕೆ ಸಮಾಧಾನ. ಆದರೆ ಅದು ಫ್ಲೋರೈಡ್ ಎಷ್ಟಿದೆ ಅಂತ ಹೇಳುವುದಿಲ್ಲ, ಅದಕ್ಕೆ ಬೇರೆ ಕಿಟ್ ಬೇಕು.

ಘಟಕದ ಗೋಡೆಯ ಮೇಲೆ ಈಗ ನೀಲಿ ಬಣ್ಣದಲ್ಲಿ ದಪ್ಪ ಅಕ್ಷರ ಇವೆ. ಯಾರ ಘಟಕ, ಯಾರು ನಡೆಸಬೇಕು, ಫೋನ್ ನಂಬರು, ಕರಾರು ಮುಗಿಯುವ ತಾರೀಕು. ಬಾಗಿಲ ಪಕ್ಕ ದಾರ ಕಟ್ಟಿದ ಒಂದು ನೋಟ್‌ಬುಕ್, ನಿಂತ ದಿನ ಗುರುತು ಹಾಕಲು.

ಕಳೆದ ಸಲ ನಾನು ಹೋದಾಗ ಆ ತಾರೀಕು ದಾಟಿತ್ತು. ಅದರ ಮೇಲೆ ಸುಣ್ಣ ಬಳಿದಿದ್ದರು, ಹೊಸ ತಾರೀಕು ಇನ್ನೂ ಬರೆದಿರಲಿಲ್ಲ. ನೀರು ಬರುತ್ತಿತ್ತು. ಬಿಸಿಯೂಟದ ಅಕ್ಕ ಶಾಲೆ ಬಿಟ್ಟ ಮೇಲೆ ಜಗಲಿಯಲ್ಲಿ ಕೂತು ಏಳನೇ ಕ್ಲಾಸಿನ ಹುಡುಗಿಯೊಬ್ಬಳ ಕೈಯಲ್ಲಿ ಅರ್ಜಿ ಬರೆಸುತ್ತಿದ್ದರು. ಹೊಸ ಕರಾರಿನ ಪ್ರತಿ ಬೇಕು ಅಂತ. ಹುಡುಗಿ ‘ಯಾಕೆಂದರೆ’ ಅಂತ ಬರೆಯಲು ಹೊರಟಳು. ಅಕ್ಕ ತಡೆದರು, “ಯಾಕೆ ಅಂತ ಬೇಡ ಮಗ. ಪ್ರತಿ ಕೊಡಿ ಅಂತ ಬರಿ.”